ಜಿಲ್ಲೆಗೊಂದು ಹಕ್ಕಿ ಸಿಕ್ಕಿತು. ಅದಕ್ಕೊಂದು ಮರ, ಒಂದು ಹೆಸರು ಬೇಡವೇ?

ಗಡಿನಾಡಿನಲ್ಲಿರುವ ನಮಗೆ ಬಾರದ ಸವಲತ್ತುಗಳ, ಖಾಲಿ ಬಿದ್ದ ಅಧ್ಯಾಪಕ ಹುದ್ದೆಗಳ, ಕನ್ನಡದಲ್ಲಿ ಸಿಗದ ಅರ್ಜಿ ನಮೂನೆಗಳ ಲೆಕ್ಕ ಹಾಕುವುದೇ ಒಂದು ಅಭ್ಯಾಸವಾಗಿಬಿಟ್ಟಿದೆ. ಆ ಲೆಕ್ಕ ಸುಳ್ಳಲ್ಲ, ಅದನ್ನು ಹಾಕಲೇಬೇಕು. ಆದರೆ ಆ ಗಡಿಬಿಡಿಯಲ್ಲಿ ನಮ್ಮ ಪಾಲಿಗೆ ಬಂದ ಒಂದು ವಸ್ತುವನ್ನು ನಾವು ಸರಿಯಾಗಿ ನೋಡಿಲ್ಲವೆಂದೇ ಹೇಳಬೇಕಾಗುತ್ತದೆ. 2022ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಆದ ಒಂದು ಮರ, ಒಂದು ಹೂ, ಒಂದು ಪ್ರಾಣಿ, ಒಂದು ಹಕ್ಕಿಯನ್ನು ಆರಿಸಿಕೊಂಡಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ಜಿಲ್ಲೆ ನಮ್ಮದು. ಮರವಾಗಿ ಊರಿಗೆ ಹೆಸರು ಕೊಟ್ಟಿತೆನ್ನಲಾಗುವ ಕಾಸರಕ, ಹೂವಾಗಿ ಪೆರಿಯದ ತೋಡುಗಳಲ್ಲಿ ಅರಳುವ ನೀರುನೈದಿಲೆಯಂಥ ಬಿಳಿ ಹೂ, ಪ್ರಾಣಿಯಾಗಿ ಚಂದ್ರಗಿರಿ ಹೊಳೆಯ ದೊಡ್ಡ ಮೆದುಚಿಪ್ಪಿನ ಆಮೆ, ಹಕ್ಕಿಯಾಗಿ ಬಿಳಿಹೊಟ್ಟೆಯ ಕಡಲ ಹದ್ದು.

ಸುದ್ದಿ ಬಂದು ವರ್ಷಗಳಾದವು. ನಮ್ಮ ಎಷ್ಟು ಮನೆಗಳಲ್ಲಿ ಈ ಹದ್ದಿನ ಮಾತು ಬಂದಿದೆ? ಎಷ್ಟು ಕನ್ನಡ ಶಾಲೆಗಳ ಗೋಡೆಯಲ್ಲಿ ಅದರ ಚಿತ್ರವಿದೆ? ಕುಂಬಳೆಯಲ್ಲೋ ಮಂಜೇಶ್ವರದಲ್ಲೋ ಬೀಚಿಗೆ ಹೋಗುವ ಮಂದಿ ತಲೆಯೆತ್ತಿ ನೋಡಿ ಇದು ನಮ್ಮ ಜಿಲ್ಲೆಯ ಹಕ್ಕಿ ಎಂದು ಗುರುತಿಸಬಲ್ಲರೇ? ಈ ಪ್ರಶ್ನೆಗಳನ್ನು ಕೇಳುವುದು ಯಾರನ್ನೂ ದೂರುವುದಕ್ಕಲ್ಲ. ಹಕ್ಕಿಯೊಂದನ್ನು ಕಾಗದದ ಮೇಲೆ ಜಿಲ್ಲೆಗೆ ಸೇರಿಸುವುದು ಸುಲಭ. ಅದು ಕೂರುವ ಮರವನ್ನು ಉಳಿಸುವುದು, ಅದನ್ನು ಕರೆಯುವ ಹೆಸರನ್ನು ಮಕ್ಕಳ ಬಾಯಿಗೆ ಹಾಕುವುದು ಕಷ್ಟ. ಆ ಕಷ್ಟದ ಕೆಲಸದಲ್ಲಿ ಕನ್ನಡಿಗರ ಪಾಲೂ ಇದೆ ಎಂಬುದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲು ಹಕ್ಕಿಯ ವಿಚಾರ. ಕಡಲ ಹದ್ದು ಸಾಮಾನ್ಯದ ಹಕ್ಕಿಯಲ್ಲ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಸುಮಾರು 2 ಮೀಟರು, ಎಂದರೆ ಎತ್ತರದ ಗಂಡಸೊಬ್ಬ ಮಲಗಿದಷ್ಟು ಉದ್ದ. ತಲೆ, ಎದೆ, ಹೊಟ್ಟೆ ಬೆಳ್ಳಗೆ. ಬೆನ್ನು ಬೂದಿ ಬಣ್ಣ. ಬಾಲ ಚಿಕ್ಕದು, ಬೆಣೆಯಂತೆ. ಮೀನು ಮತ್ತು ಕಡಲ ಹಾವು ಇದರ ಮುಖ್ಯ ಆಹಾರ. ಅಳಿವೆಯ ಮೇಲೆ ತೇಲುತ್ತ ಬಂದು, ಕಾಲು ಚಾಚಿ ನೀರಿನ ಮೇಲ್ಭಾಗದಿಂದಲೇ ಬೇಟೆಯನ್ನು ಎತ್ತಿಕೊಂಡು ಹೋಗುತ್ತದೆ. ಗಂಡು ಹೆಣ್ಣು ಒಮ್ಮೆ ಜೊತೆಯಾದರೆ ವರ್ಷವರ್ಷವೂ ಅದೇ ಜೊತೆ, ಸಾಮಾನ್ಯವಾಗಿ ಅದೇ ಗೂಡು. ಹಳೆಯ ಗೂಡಿನ ಮೇಲೆಯೇ ಹೊಸ ಕೋಲುಗಳನ್ನು ಪೇರಿಸುವುದರಿಂದ ಕೆಲವು ವರ್ಷಗಳಲ್ಲಿ ಅದು ಒಂದು ಹೊರೆ ಸೌದೆಯಷ್ಟಾಗುತ್ತದೆ. ಮಳೆಗಾಲ ಮುಗಿದ ಮೇಲೆ ಗೂಡಿನ ಕೆಲಸ ಸುರು. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಸುಮಾರು ಆರು ವಾರ. ಮರಿ ಗೂಡು ಬಿಡಲು ಮತ್ತೆ ಎರಡೂವರೆ ತಿಂಗಳು. ಎರಡರಲ್ಲಿ ಹೆಚ್ಚಾಗಿ ಒಂದೇ ಮರಿ ದಕ್ಕುವುದು. ಕೇರಳದಲ್ಲಿ ಈ ಹಕ್ಕಿ ಗೂಡು ಕಟ್ಟುವುದು ಮುಖ್ಯವಾಗಿ ಕಣ್ಣೂರು ಮತ್ತು ಕಾಸರಗೋಡಿನ ಕರಾವಳಿಯಲ್ಲಿ. ಆದುದರಿಂದ ಇದನ್ನು ಜಿಲ್ಲೆಯ ಹಕ್ಕಿಯೆಂದು ಆರಿಸಿದ್ದು ಶೋಭೆಗಾಗಿ ಅಲ್ಲ. ನಾವು ಕೈಬಿಟ್ಟರೆ ರಾಜ್ಯದಲ್ಲಿ ಅದಕ್ಕೆ ಬೇರೆ ಆಸರೆ ಕಡಿಮೆ.

ಇಷ್ಟು ದೊಡ್ಡ ಗೂಡನ್ನು ಯಾವ ಮರ ತಾಳೀತು? ನೆಟ್ಟು ಹತ್ತು ವರ್ಷವಾದ ರಬ್ಬರು ಮರ ತಾಳದು, ಅಕೇಶಿಯವೂ ತಾಳದು. ಅಜ್ಜನ ಕಾಲದ ಕಾಟುಮಾವು, ಹಾಲೆ, ಗೋಳಿ, ಇಂಥವೇ ಬೇಕು. ಅಂಥ ಮರಗಳು ಇಂದು ಉಳಿದಿರುವುದು ನಾಗಬನಗಳಲ್ಲಿ, ಕಾವುಗಳಲ್ಲಿ, ಹಳೆಯ ತರವಾಡು ಮನೆಗಳ ಹಿತ್ತಿಲಲ್ಲಿ ಮತ್ತು ಇನ್ನೂ ಪಾಲಾಗದ ಗುಡ್ಡೆಗಳ ಅಂಚಿನಲ್ಲಿ. ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ ಆರು ಪಥವಾದಾಗ ದಾರಿಬದಿಯ ಎಷ್ಟೋ ನೆರಳಿನ ಮರಗಳು ಹೋದವು. ಹೆದ್ದಾರಿ ಬೇಡವೆಂದು ನಾವು ಹೇಳುವುದಿಲ್ಲ. ಮಂಗಳೂರಿನ ಆಸ್ಪತ್ರೆಗೆ ಓಡಬೇಕಾದವರಿಗೆ ಅದರ ಬೆಲೆ ಗೊತ್ತು. ಆದರೆ ಹೋದ ಮರದ ಲೆಕ್ಕವನ್ನು ಉಳಿದ ಮರಗಳ ಮೇಲೆ ಹಾಕಲೇಬೇಕಷ್ಟೆ.

ಇನ್ನು ನಾವು ಕಣ್ಣಾರೆ ಕಂಡದ್ದು. ಕುಂಬಳೆ ಪಂಚಾಯತಿನ ಕಿದೂರು ಇಂದು ಹಕ್ಕಿ ನೋಡುವವರಿಗೆಲ್ಲ ಪರಿಚಿತ ಹೆಸರು. ನೂರೈವತ್ತಕ್ಕೂ ಮಿಕ್ಕ ಜಾತಿಯ ಹಕ್ಕಿಗಳನ್ನು ಅಲ್ಲಿ ಗುರುತಿಸಲಾಗಿದೆ. ಕೆಂಪುಕಲ್ಲಿನ ಬೋಳುಗುಡ್ಡೆ, ಅದರ ಮಗ್ಗುಲಿನ ಗೇರುಮರಗಳು, ಕೆಳಗೆ ತೋಟ, ಬೈಲು, ಅದರಾಚೆ ಶಿರಿಯಾ ಹೊಳೆ. ಆ ಕಡೆಯ ಕಾಲುದಾರಿಯಲ್ಲಿ ನಾವು, ಎಂದರೆ ಮಕ್ಕಳೂ ಅಧ್ಯಾಪಕರೂ ಕೂಡಿ, ಕೆಲವು ವರ್ಷಗಳಿಂದ ರಜಾದಿನದ ಬೆಳಿಗ್ಗೆ ನಡೆಯುತ್ತಿದ್ದೇವೆ. ಕೈಯಲ್ಲಿ ಒಂದು ನೋಟುಪುಸ್ತಕ, ಹತ್ತು ಮಂದಿಗೆ ಒಂದು ದುರ್ಬೀನು, ಕಟ್ಟಿ ತಂದ ಅವಲಕ್ಕಿ. ಇಷ್ಟೇ ನಮ್ಮ ಸಲಕರಣೆ.

ಬೋಳುಗುಡ್ಡೆಯ ಮೇಲೆ ಮೊದಲು ಎದುರಾಗುವುದು ಟಿಟ್ಟಿಭ. ಅದಕ್ಕೆ ಗೂಡೆಂಬುದೇ ಇಲ್ಲ. ಕಲ್ಲುಹರಳಿನ ನಡುವೆ ನೆಲದ ಮೇಲೆಯೇ ನಾಲ್ಕು ಮೊಟ್ಟೆ. ಮೊಟ್ಟೆಯೂ ಕಲ್ಲಿನ ಬಣ್ಣವೇ. ಯಾವುದು ಕಲ್ಲು ಯಾವುದು ಮೊಟ್ಟೆ ಎಂದು ತಿಳಿಯದೆ ಮಕ್ಕಳು ಕಾಲಿಡಲು ಹೆದರಿ ನಿಂತುಬಿಡುತ್ತಾರೆ. ಈ ಗುಡ್ಡೆಗಳನ್ನು ದಾಖಲೆಗಳಲ್ಲಿ ಪಾಳುಭೂಮಿ ಎಂದು ಬರೆಯುವ ಅಧಿಕಾರಿಗಳು ಒಮ್ಮೆ ಇಲ್ಲಿ ಬಂದು ನಿಲ್ಲಬೇಕು. ಕಲ್ಲು ಕಡಿಯುವ ಪಣೆಗಳು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿರುವುದು ಇಂಥ ನೆಲದಲ್ಲಿಯೇ.

ಮುಂದೆ ಗೇರುಮರಗಳ ನಡುವೆ ಕುಟ್ರು, ಕಾಜಾಣ, ಪಿಕಳಾರ, ಕೆಂಬೂತ. ಅಕ್ಟೋಬರಿನ ನಂತರವಾದರೆ ಉತ್ತರದಿಂದ ಬಂದಿಳಿಯುವ ನವರಂಗ. ಒಣಗಿದ ಎಲೆಗಳ ಮೇಲೆ ಕುಪ್ಪಳಿಸುತ್ತ ಹುಳ ಹುಡುಕುವ ಈ ಹಕ್ಕಿ ಮುಂಜಾವದಲ್ಲೂ ಮುಸ್ಸಂಜೆಯಲ್ಲೂ ಎರಡೇ ಸ್ವರದಲ್ಲಿ ಕೂಗಿ ಸುಮ್ಮನಾಗುತ್ತದೆ. ಬೈಲಿಗಿಳಿದರೆ ಕಟ್ಟಪುಣಿಯ ಮೇಲೆ ಬೆಳ್ಳಕ್ಕಿ, ವಿದ್ಯುತ್ ತಂತಿಯ ಮೇಲೆ ಮಿಂಚುಳ್ಳಿ. ಗುಡ್ಡೆಯ ಮರವೊಂದರ ತುದಿಯಿಂದ ಸಿಳ್ಳಿನ ಹಾಗೆ ಕೂಗುವುದು ಸರ್ಪಗರುಡ. ತೋಟದೊಳಗೆ ಬಾಣದಂತೆ ನುಗ್ಗಿ ಓತಿಯನ್ನೋ ಸಣ್ಣ ಹಕ್ಕಿಯನ್ನೋ ಎತ್ತಿಕೊಂಡು ಹೋಗುವುದು ಬಿಜ್ಜು. ಮಲೆಯಾಳದಲ್ಲಿ ಅದಕ್ಕೆ ಪಾರಿವಾಳ ಹಿಡಿಯುವವ ಎಂಬರ್ಥದ ಹೆಸರೇ ಇದೆ. ಹೊಳೆ ಹತ್ತಿರವಾದಂತೆ ಆಕಾಶದಲ್ಲಿ ಗರುಡ.

ಗರುಡನ ಪರಿಚಯವನ್ನು ನಮ್ಮವರಿಗೆ ಮಾಡಿಕೊಡಬೇಕಾದುದಿಲ್ಲ. ದೇವಸ್ಥಾನದಲ್ಲಿ ಬ್ರಹ್ಮಕಲಶದ ಹೊತ್ತಿಗೆ ಗರುಡ ಸುತ್ತು ಬಂದರೆ ಸೇರಿದ ಜನರೆಲ್ಲ ಕೈಮುಗಿಯುತ್ತಾರೆ. ಆದರೆ ಕೈಮುಗಿದವರಲ್ಲಿ ಅದರ ಗೂಡನ್ನು ಕಂಡವರೆಷ್ಟು? ನಮ್ಮ ದಾರಿಯಲ್ಲಿ ಎರಡು ಗೂಡುಗಳಿದ್ದವು. ಡಿಸೆಂಬರಿನಲ್ಲಿ ಜೋಡಿ ಕೋಲು ಹೊರುತ್ತದೆ. ಗೂಡಿನೊಳಗೆ ಹಸಿರೆಲೆ ಹಾಸುತ್ತದೆ. ಮೊಟ್ಟೆಯಿಟ್ಟ ಮೇಲೆ ಕಾವು ಸುಮಾರು 27 ದಿನ. ಒಂದು ಕೂತರೆ ಇನ್ನೊಂದು ಹೊಳೆಯಿಂದ ಮೀನೋ ಏಡಿಯೋ ತರುತ್ತದೆ. ಕಾಗೆಗಳ ಉಪದ್ರ ದಿನವಿಡೀ ಇದ್ದದ್ದೇ. ಮರಿಗೆ ಮೊದಲು ಬಿಳಿ ತುಪ್ಪಟ. ಆಮೇಲೆ ಬರುವ ಗರಿ ಕಂದು. ತಾಯ್ತಂದೆಯರ ಬಿಳಿ ತಲೆ, ಕೆಂಗಂದು ಮೈ ಅದಕ್ಕೆ ಬರುವುದು ಬಹಳ ತಡವಾಗಿ. ಹೀಗಾಗಿ ಹಲವರು ಗರುಡನ ಮರಿಯನ್ನು ನೋಡಿ ಬೇರೆ ಯಾವುದೋ ಹದ್ದೆಂದು ತಿಳಿಯುವುದುಂಟು. ಇವನ್ನೆಲ್ಲ ಮಕ್ಕಳು ಪಾಠದಿಂದ ಕಲಿತದ್ದಲ್ಲ. ದೂರದಲ್ಲಿ ಮಾತಿಲ್ಲದೆ ಕೂತು, ವಾರವಾರ ಬರೆದಿಟ್ಟು ಕಲಿತದ್ದು.

ಎರಡು ಗೂಡುಗಳಲ್ಲಿ ಒಂದು ಈಗಿಲ್ಲ. ಗೂಡಿದ್ದ ಕಾಟುಮಾವಿನ ಮರವನ್ನು ಫೆಬ್ರವರಿಯಲ್ಲಿ ಕಡಿಯಲಾಯಿತು, ಮರಿಯಿದ್ದಂತೆಯೇ. ಮರದ ಯಜಮಾನರು ನಮಗೆ ಬೇಕಾದವರೇ, ಕೆಟ್ಟವರೇನಲ್ಲ. ಮಗಳ ಕಾಲೇಜಿನ ಫೀಸು ಕಟ್ಟುವ ಗಡು ಹತ್ತಿರ ಬಂದಿತ್ತು, ಅಡಿಕೆಯ ಹಣ ಕೈಗೆ ಬಂದಿರಲಿಲ್ಲ, ಮರದ ವ್ಯಾಪಾರಿ ನಗದು ಹಿಡಿದು ಬಂದಿದ್ದ. "ಮಾಸ್ಟ್ರೇ, ಗರುಡನಿಗೆ ಬೇರೆ ಮರ ಸಿಕ್ಕೀತು, ನನಗೆ ಬೇರೆ ದಾರಿ ಇರಲಿಲ್ಲ" ಎಂದರು. ಆ ಮಾತಿಗೆ ಸುಲಭದ ಉತ್ತರ ನಮ್ಮಲ್ಲಿಲ್ಲ. ಹಕ್ಕಿಯ ಹೆಸರಿನಲ್ಲಿ ಬಡವನ ಕೈಕಟ್ಟುವ ಉಪದೇಶವನ್ನು ನಾವು ಮಾಡುವವರೂ ಅಲ್ಲ.

ಆದರೂ ಕೆಲವು ವಿಚಾರಗಳನ್ನು ಹೇಳಲೇಬೇಕು. ಒಂದನೆಯದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೋವಿಯಿಂದ ಹೊಡೆಯುವುದು ಮಾತ್ರವಲ್ಲ. ಕಾಡುಹಕ್ಕಿಯ ಮೊಟ್ಟೆಯನ್ನು ಹಾಳು ಮಾಡುವುದು, ಗೂಡನ್ನು ಕದಡುವುದು ಕೂಡ ಬೇಟೆಯೇ. ಇದು ನಮ್ಮ ಜನರಿಗೆ ಗೊತ್ತಿಲ್ಲ, ಏಕೆಂದರೆ ಅವರಿಗೆ ತಿಳಿಯುವ ಭಾಷೆಯಲ್ಲಿ ಯಾರೂ ಹೇಳಿಲ್ಲ. ಎರಡನೆಯದು ಕಾಲ. ಮರ ಮಾರಲೇಬೇಕಾದ ಸಂದರ್ಭ ಬಂದರೂ, ಗೂಡಿನಲ್ಲಿ ಮರಿಯಿರುವ ನಾಲ್ಕೈದು ತಿಂಗಳು ತಡೆದರೆ ಕನಿಷ್ಠಪಕ್ಷ ಆ ವರ್ಷದ ಮರಿಯಾದರೂ ಹಾರಿಹೋಗುತ್ತದೆ. ಮೂರನೆಯದು ಹಣ. ಜಿಲ್ಲೆಯ ಹಕ್ಕಿ ಎಂದು ಘೋಷಿಸಿದ ಮೇಲೆ, ಗೂಡಿರುವ ಮರದ ಯಜಮಾನನಿಗೆ ವರ್ಷಕ್ಕೊಂದು ಸಣ್ಣ ಗೌರವಧನ ಕೊಡುವ ಏರ್ಪಾಡನ್ನು ಸ್ಥಳೀಯಾಡಳಿತವು ಯಾಕೆ ಯೋಚಿಸಬಾರದು? ಗೂಡುಗಳು ಬೆರಳೆಣಿಕೆಯವು. ಒಂದು ಸ್ವಾಗತ ಕಮಾನಿಗೆ ಖರ್ಚಾಗುವ ಹಣದಲ್ಲಿ ಹಲವು ಮರಗಳು ಉಳಿದಾವು. ನಷ್ಟವೆಲ್ಲ ಮರದ ಯಜಮಾನನಿಗೆ, ಹೆಮ್ಮೆಯೆಲ್ಲ ಜಿಲ್ಲೆಗೆ ಎಂಬುದು ನ್ಯಾಯವಲ್ಲ.

ಕೋಳಿಮರಿ ಕದಿಯುವ ಹಕ್ಕಿಯ ಮೇಲೆ ಇಷ್ಟು ಮಮಕಾರವೇಕೆ ಎಂದು ಕೇಳುವವರಿದ್ದಾರೆ. ಹದ್ದು ಅಪರೂಪಕ್ಕೆ ಕೋಳಿಮರಿಯನ್ನು ಎತ್ತುವುದು ನಿಜ. ಆದರೆ ಅದೇ ಹದ್ದು ಇಲಿಯನ್ನು ಹಿಡಿಯುತ್ತದೆ, ಸತ್ತ ಮೀನನ್ನು ಹೆಕ್ಕಿ ದಡವನ್ನು ಶುಚಿಯಾಗಿಡುತ್ತದೆ. ರಣಹದ್ದುಗಳ ಕತೆ ನಮ್ಮ ಮುಂದಿದೆ. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಮದ್ದು ಸತ್ತ ದನದ ಮಾಂಸದ ಮೂಲಕ ಹೊಟ್ಟೆ ಸೇರಿ ದೇಶದ ರಣಹದ್ದುಗಳು ಲಕ್ಷಗಟ್ಟಲೆ ಸತ್ತವು. 2006ರಲ್ಲಿ ಪಶುಗಳಿಗೆ ಆ ಮದ್ದನ್ನು ನಿಷೇಧಿಸುವ ಹೊತ್ತಿಗೆ ಬಹಳ ತಡವಾಗಿತ್ತು. ಕೇರಳದಲ್ಲಿ ಇಂದು ರಣಹದ್ದು ಉಳಿದಿರುವುದು ವಯನಾಡಿನಲ್ಲಿ ಮಾತ್ರ. ಬೇಟೆಹಕ್ಕಿ ಆಹಾರದ ಏಣಿಯ ತುದಿಯಲ್ಲಿ ಕೂತಿರುವುದರಿಂದ ಕೆಳಗಿನ ಪ್ರತಿ ಮೆಟ್ಟಿಲಿನ ವಿಷವೂ ಕೊನೆಗೆ ಅದರ ಹೊಟ್ಟೆಗೇ ಬರುತ್ತದೆ. ಅದು ಕಡಿಮೆಯಾಯಿತೆಂದರೆ ನೀರಿನಲ್ಲೋ ನೆಲದಲ್ಲೋ ಏನೋ ಕೆಟ್ಟಿದೆ ಎಂದರ್ಥ. ವಿಷ ಎಂದರೇನೆಂಬುದನ್ನು ನಮ್ಮ ಜಿಲ್ಲೆಯವರಿಗೆ ಬೇರೆಯವರು ವಿವರಿಸಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಎಣ್ಮಕಜೆಯ, ಪಡ್ರೆಯ ಮನೆಗಳು ಮರೆತಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯುವ ತನಕ ನಡೆದ ಹೋರಾಟವನ್ನೂ ಮರೆತಿಲ್ಲ. ಅಂಥ ಊರಿನವರು ಆಕಾಶದತ್ತ ಒಂದು ಕಣ್ಣಿಟ್ಟಿರಬೇಕಾದುದು ಬರೀ ಹವ್ಯಾಸವಲ್ಲ, ಎಚ್ಚರ.

ಇನ್ನು ಹೆಸರಿನ ವಿಚಾರ. ಮಕ್ಕಳನ್ನು ದಾರಿಯಲ್ಲಿ ನಿಲ್ಲಿಸಿ, ಮೇಲೆ ಹಾರುವುದೇನು ಎಂದು ಕೇಳಿದರೆ ಒಬ್ಬ ಪರುಂದು ಎನ್ನುತ್ತಾನೆ, ಒಬ್ಬಳು ಈಗಲ್ ಎನ್ನುತ್ತಾಳೆ, ತುಳು ಮನೆಯ ಹುಡುಗ ಗಿಡಿ ಎನ್ನುತ್ತಾನೆ. ಮೂರೂ ತಪ್ಪಲ್ಲ. ಸಪ್ತಭಾಷೆಗಳ ನೆಲದಲ್ಲಿ ಒಂದು ಹಕ್ಕಿಗೆ ಏಳು ಹೆಸರಿರುವುದು ನಮ್ಮ ಶ್ರೀಮಂತಿಕೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳ ಬಾಯಲ್ಲಿ ಗಿಡುಗ, ಡೇಗೆ, ಬಿಜ್ಜು, ಸರ್ಪಗರುಡ, ಮಡಿವಾಳ, ಸೂರಕ್ಕಿ, ಗೊರವಂಕ ಎಂಬ ಮಾತುಗಳೇ ಬಾರದಿದ್ದರೆ ಕೊರತೆ ಎಲ್ಲಿದೆಯೆಂದು ನಾವೇ ಹುಡುಕಬೇಕು. ಅಜ್ಜಿಗೆ ಗೊತ್ತಿದ್ದ ಹತ್ತು ಹೆಸರಲ್ಲಿ ಅಮ್ಮನಿಗೆ ನಾಲ್ಕು, ಮಗಳಿಗೆ ಒಂದು. ಭಾಷೆ ಸಾಯುವುದು ಸರಕಾರದ ಆದೇಶದಿಂದ ಮಾತ್ರವಲ್ಲ, ಹೀಗೆ ಒಂದೊಂದೇ ಹೆಸರು ಉದುರಿ ಕೂಡ.

ಈ ವಿಚಾರದಲ್ಲಿ ಮಲೆಯಾಳಿ ಬಂಧುಗಳಿಂದ ನಾವು ಕಲಿಯುವುದಿದೆ. ಇಂದುಚೂಡನ್ ಎಂಬ ಹೆಸರಿನಿಂದ ಬರೆಯುತ್ತಿದ್ದ ಕೆ. ಕೆ. ನೀಲಕಂಠನ್ ಕೇರಳದ ಹಕ್ಕಿಗಳ ಬಗ್ಗೆ ಮಲೆಯಾಳದಲ್ಲೇ ಗ್ರಂಥವೊಂದನ್ನು 1958ರಲ್ಲಿ ಹೊರತಂದರು. ಅವರು ಕೂಡ ವೃತ್ತಿಯಿಂದ ಅಧ್ಯಾಪಕರೇ. ಆ ಒಂದು ಪುಸ್ತಕದಿಂದ ಹಳ್ಳಿಹಳ್ಳಿಯಲ್ಲಿ ಹಕ್ಕಿಯನ್ನು ಸ್ವಭಾಷೆಯಲ್ಲಿ ಕರೆಯುವ ಓದುಗರು ಹುಟ್ಟಿದರು. ಮುಂದೆ 2015ರಿಂದ 2020ರ ತನಕ ಕೇರಳದ ಉದ್ದಗಲಕ್ಕೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ನಡೆದು ರಾಜ್ಯದ ಹಕ್ಕಿಗಳ ನಕ್ಷೆಯನ್ನೇ ತಯಾರಿಸಿದ್ದರ ಹಿಂದೆ ಅಂಥ ಓದಿನ ಬಲವಿದೆ. ಕನ್ನಡದಲ್ಲಿಯೂ ಕಾರಂತರು, ತೇಜಸ್ವಿಯವರು ನಿಸರ್ಗದ ಬಗ್ಗೆ ಬರೆದದ್ದು ಕಡಿಮೆಯೇನಲ್ಲ. ಪುಸ್ತಕವಿದೆ, ಹಕ್ಕಿಯೂ ಇದೆ. ಎರಡನ್ನೂ ಒಂದೇ ದಾರಿಯಲ್ಲಿ ಸೇರಿಸುವವರು ಬೇಕಾಗಿದ್ದಾರೆ.

ಹಕ್ಕಿ ನೋಡಿದರೆ ಮಕ್ಕಳಿಗೆ ಉದ್ಯೋಗ ಸಿಗುತ್ತದೆಯೇ ಎಂದು ಹೆತ್ತವರು ಕೇಳುವುದು ಸಹಜ. ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವುದೇ ಒಂದು ಧೈರ್ಯವಾಗಿರುವ ಈ ಕಾಲದಲ್ಲಿ ಆ ಪ್ರಶ್ನೆಯನ್ನು ನಾವು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಒಂದು ಮಾತು ಹೇಳಬಲ್ಲೆವು: ವಾರವಾರ ದಿನಾಂಕ ಹಾಕಿ ಕಂಡದ್ದನ್ನಷ್ಟೇ ಬರೆಯಲು, ಕಾಣದ್ದನ್ನು ಬರೆಯದಿರಲು ಕಲಿತ ಮಗು ವಿಜ್ಞಾನವನ್ನು ಕಲಿತಂತೆಯೇ. ಅದನ್ನು ತನ್ನ ಮಾತಿನಲ್ಲಿ ಬರೆದರೆ ಭಾಷೆಯನ್ನೂ ಕಲಿತಂತೆ. ದೂರದ ಊರಿನ ಚಿತ್ರ ತೋರಿಸಿ ಪಾಠ ಮಾಡುವುದಕ್ಕಿಂತ ಶಾಲೆಯ ಬೆನ್ನಿಗಿರುವ ಗುಡ್ಡೆಯನ್ನು ತೋರಿಸಿ ಮಾಡುವ ಪಾಠ ಮಗುವಿನಲ್ಲಿ ಹೆಚ್ಚು ನಿಲ್ಲುತ್ತದೆ.

ಹೀಗಿರುವಲ್ಲಿ ಮಾಡಬೇಕಾದದ್ದೇನು? 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯಾಡಳಿತದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು; ಅದು ಊರಿನ ಗಿಡಮರ, ಪ್ರಾಣಿಪಕ್ಷಿಗಳ ಜನತಾ ದಾಖಲೆಪುಸ್ತಕವನ್ನು ತಯಾರಿಸಬೇಕು. ಕನ್ನಡಿಗರು ಹೆಚ್ಚಿರುವ ಪಂಚಾಯತುಗಳಲ್ಲಿ ಈ ಪುಸ್ತಕದಲ್ಲಿ ಕನ್ನಡದ, ತುಳುವಿನ ಹೆಸರುಗಳೂ ದಾಖಲಾಗಬೇಕು. ಗೂಡಿರುವ ಮರಗಳ ಪಟ್ಟಿ ಅದರಲ್ಲಿರಬೇಕು. ಆದರೆ ಗೂಡಿನ ಜಾಗವನ್ನು ಫೋಟೋ ತೆಗೆಯುವವರ ಗುಂಪಿಗೆ ಸಾರಬಾರದು. ಜಿಲ್ಲೆಯ ಹಕ್ಕಿ, ಮರಗಳ ಬಗ್ಗೆ ಎಲ್ಲಿ ಫಲಕ ಹಾಕಿದರೂ ಅದರಲ್ಲಿ ಕನ್ನಡವೂ ಇರಬೇಕು. ಇದು ಬೇಡಿಕೆಗಾಗಿ ಬೇಡಿಕೆಯಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ಸಂವಿಧಾನಕ್ಕೆ 350ಎ ವಿಧಿ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಕೊಡಬೇಕೆಂದಿತು. ಮಾತೃಭಾಷೆಯ ಕಲಿಕೆಯೆಂದರೆ ನಾಲ್ಕು ಗೋಡೆಯೊಳಗಿನ ಪಠ್ಯ ಮಾತ್ರವೆಂದು ಯಾರು ಹೇಳಿದರು? ಕಾಯುವ ಜವಾಬ್ದಾರಿ ನಮ್ಮದೂ ಆಗಬೇಕಾದರೆ ತಿಳಿಸುವ ಭಾಷೆಯೂ ನಮ್ಮದಾಗಬೇಕು.

ಸರಕಾರದ ಪಾಲು ಇಷ್ಟಾದರೆ ಮನೆಗಳ ಪಾಲು ಬೇರೆಯೇ ಇದೆ. ಬನದ ಜೀರ್ಣೋದ್ಧಾರ ಎಂದರೆ ಮರ ಕಡಿದು ಕಾಂಕ್ರೀಟು ಕಟ್ಟೆ, ಹೊಳೆಯುವ ಟೈಲ್ಸು ಹಾಕುವುದೆಂಬ ಅಭಿಪ್ರಾಯವನ್ನು ನಾವು ಬಿಡಬೇಕು. ನಾಗನಿಗೆ ತಂಪು ಬೇಕೆಂದು ನಂಬಿದ ಹಿರಿಯರು ಮರವನ್ನು ಮುಟ್ಟಲಿಲ್ಲ; ಆ ನಂಬಿಕೆಯ ನೆರಳಿನಲ್ಲೇ ಹಾಲೆಮರ ಉಳಿಯಿತು, ಹಾಲೆಮರದಲ್ಲಿ ಹದ್ದು ಉಳಿಯಿತು. 2022ರ ಅಕ್ಟೋಬರಿನಲ್ಲಿ ಅನಂತಪುರದ ಸರೋವರ ಕ್ಷೇತ್ರದ ಮೊಸಳೆ ಬಬಿಯಾ ತೀರಿಕೊಂಡಾಗ ಜಾತಿಮತ ಭಾಷೆಗಳ ಭೇದವಿಲ್ಲದೆ ಜನ ಬಂದು ಅಂತಿಮ ದರ್ಶನ ಪಡೆದರು. ಒಂದು ಮೊಸಳೆಗಾಗಿ ಕಣ್ಣೀರು ಹಾಕಿದ ಊರು ಇದು. ಈ ಮನಸ್ಸಿಗೆ ಒಂದು ಗರುಡನ ಮರವನ್ನು ನಾಲ್ಕು ತಿಂಗಳು ತಡೆದು ನಿಲ್ಲಿಸುವುದು ದೊಡ್ಡ ಮಾತಾಗಲಾರದು.

ನಮ್ಮ ದಾರಿಯ ಎರಡನೆಯ ಗೂಡು ಇನ್ನೂ ಇದೆ. ಅದಿರುವ ಮರಕ್ಕೂ ವ್ಯಾಪಾರಿ ಬೆಲೆ ಹೇಳಿಹೋಗಿದ್ದಾನೆಂದು ಕೇಳಿದ್ದೇವೆ. ಮನೆಯವರು ಇನ್ನೂ ಒಪ್ಪಿಲ್ಲ. ಅವರು ಒಪ್ಪದಿರುವಷ್ಟು ದಿನ ಅವರ ಬೆನ್ನಿಗೆ ಯಾರಿದ್ದಾರೆ ಎಂಬುದೇ ಈಗಿನ ಪ್ರಶ್ನೆ. ಪಂಚಾಯತು ಇದೆಯೇ, ಕ್ಷೇತ್ರದ ಸಮಿತಿ ಇದೆಯೇ, ನಾವಿದ್ದೇವೆಯೇ? ನಿಮ್ಮ ಊರಿನ ಗುಡ್ಡೆಯಲ್ಲೂ ಹೊಳೆಬದಿಯಲ್ಲೂ ಇಂಥ ಮರ ಇದ್ದೇ ಇರುತ್ತದೆ. ಬರುವ ಡಿಸೆಂಬರಿನ ಮೊದಲು ಅದನ್ನು ಕಂಡುಹಿಡಿಯಿರಿ. ಯಜಮಾನರೊಡನೆ ಕೂತು ಮಾತಾಡಿರಿ. ಮನೆಯ ಹಿರಿಯರಿಂದ ಹಕ್ಕಿಗಳ ಹೆಸರನ್ನು ಕೇಳಿ, ಕನ್ನಡವೋ ತುಳುವೋ ಮಲೆಯಾಳವೋ ಕೊಂಕಣಿಯೋ, ಹೇಳಿದ ಹಾಗೆಯೇ ಬರೆದು ಮಕ್ಕಳ ಕೈಯಲ್ಲಿ ಶಾಲೆಗೆ ಕಳುಹಿಸಿರಿ. ಪಂಚಾಯತಿನ ದಾಖಲೆಪುಸ್ತಕಕ್ಕೆ ಅದನ್ನು ತಲುಪಿಸುವ ಕೆಲಸವನ್ನು ಅಧ್ಯಾಪಕರಾದ ನಾವು ಮಾಡುತ್ತೇವೆ.